ಹಸಿರು ಗುಂಡಿಯ ಹಿಂದಿನ ತಂತಿ

ನನ್ನ ಹೆಂಡತಿಯ ಬಲಗೈಯ ಎರಡು ಬೆರಳು ಹೋದದ್ದು ಅವಳ ಅಜಾಗರೂಕತೆಯಿಂದಲ್ಲ. ನನ್ನಿಂದ. ಇದು ನನಗೆ ಅಂದೇ ಗೊತ್ತಿತ್ತು — ಅವಳ ಕೂಗು ಕೇಳುವುದಕ್ಕೂ ಒಂದು ಕ್ಷಣ ಮೊದಲೇ ಗೊತ್ತಾಗಿತ್ತು. ಆದರೂ ನಾಲ್ಕು ವರ್ಷ, ತಪ್ಪು ನಿನ್ನದೇ ಎಂದು ಅವಳನ್ನೇ ನಂಬಿಸಿದೆ. ಎರಡರಲ್ಲಿ ಯಾವುದು ದೊಡ್ಡ ಅಪರಾಧ ಎಂದು ನನ್ನನ್ನು ಕೇಳಿದರೆ, ನಂಬಿಸಿದ್ದು ಎನ್ನುತ್ತೇನೆ.

ನಾನು ಚಿತ್ರದುರ್ಗದ ಕಡೆಯವನು. ವಿಶಾಖಪಟ್ಟಣದ ಒಂದು ದೊಡ್ಡ ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದ ಇಂಜಿನಿಯರ್. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕೂರಿಸಿಕೊಂಡು ಪಾಠ ಮಾಡುವುದು ನನ್ನ ಉದ್ಯೋಗ — ಯಂತ್ರದೊಳಗೆ ಕೈ ಹಾಕುವ ಮುನ್ನ ವಿದ್ಯುತ್ ಕಡಿಯಿರಿ, ರಕ್ಷಣೆಗೆಂದು ಇಟ್ಟಿರುವ ಯಾವುದನ್ನೂ ಕಟ್ಟಿಹಾಕಬೇಡಿ, ಕಳಚಬೇಡಿ. ಇಪ್ಪತ್ತು ವರ್ಷ ಇದನ್ನೇ ಹೇಳಿದವನು ನಾನು. ಹಾಗಾಗಿ, ಗೊತ್ತಿರಲಿಲ್ಲ ಎಂಬ ಮಾತು ನನ್ನ ಬಾಯಿಂದ ಬರುವ ಹಾಗಿಲ್ಲ.

ಅದೇ ಊರಿನ ಅಂಚಿನ ದುವ್ವಾಡದಲ್ಲಿ ನಮ್ಮದೊಂದು ಚಿಕ್ಕ ಮನೆ. ಮನೆಗೆ ಅಂಟಿಕೊಂಡಂತೆ ಕಾರ್ ಶೆಡ್. ಕಾರು ಹೊರಗೆ ಬೇವಿನ ಮರದಡಿ ನಿಲ್ಲುತ್ತಿತ್ತು. ಶೆಡ್ಡಿನೊಳಗೆ ಇದ್ದದ್ದು ನನ್ನ ಹೆಂಡತಿ ವಸುಂಧರೆಯ ಲೇತು, ಅಂದರೆ ಮರ ಕಡೆಯುವ ಯಂತ್ರ. ಅವಳು ವಿಜಯವಾಡದವಳು. ಅವಳಜ್ಜಿ ಬಳ್ಳಾರಿಯಿಂದ ತೆಲುಗರ ಮನೆಗೆ ಮದುವೆಯಾಗಿ ಹೋದವರು. ಹಾಗಾಗಿ ಆ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಕಲಸಿದಂತೆ. ನನ್ನ ಮಾವ ನಲವತ್ತು ವರ್ಷ ಮರ ಕಡೆದವರು — ಮಂಚದ ಕಾಲು, ಮೆಟ್ಟಿಲ ಕಂಬ, ದೇವರ ಮಂಟಪ. ಗಂಡುಮಕ್ಕಳಿಲ್ಲದ ಅವರು ಕೆಲಸವನ್ನು ದೊಡ್ಡ ಮಗಳಿಗೆ ಕಲಿಸಿದರು. ಅಂಗಡಿ ಮುಚ್ಚಿದಾಗ ಲೇತನ್ನು ಲಾರಿಗೆ ಹಾಕಿಸಿ ಅವಳಿಗೇ ಕಳಿಸಿದರು. ಉಳಿ ಹಿಡಿದು ನಿಂತರೆ ವಸು ಬೇರೆಯೇ ಹೆಂಗಸು. ಕೂದಲು ಬಿಗಿಯಾಗಿ ಕಟ್ಟಿ, ಸೀರೆ ಬಿಟ್ಟು ಹಳೆಯ ಷರ್ಟು ಪ್ಯಾಂಟು ಹಾಕಿ, ಕಣ್ಣಿಗೆ ಕನ್ನಡಕ — ನಮ್ಮ ಕಾರ್ಖಾನೆಯ ಎಷ್ಟೋ ಗಂಡಸರಿಗಿಂತ ಎಚ್ಚರದವಳು.

2014ರಲ್ಲಿ ಆ ದೊಡ್ಡ ಚಂಡಮಾರುತ ಬಂದು ಊರೆಲ್ಲ ತಲೆಕೆಳಗಾದ ಮೇಲೆ ಕೆಲವು ವಾರ ಕರೆಂಟಿಗೆ ಒಂದು ನಿಯಮವಿರಲಿಲ್ಲ. ಬರುತ್ತಿತ್ತು, ಹೋಗುತ್ತಿತ್ತು. ಅದೇ ಸಮಯದಲ್ಲಿ ವಸುವಿನ ತಂಗಿ ಸುಮತಿಗೆ ಮಗುವಾಗಿತ್ತು. ನಾಮಕರಣಕ್ಕೆ ತನ್ನ ಕೈಯಾರೆ ಮಾಡಿದ ತೊಟ್ಟಿಲು ಕೊಡುತ್ತೇನೆಂದು ಇವಳು ಹಟ ಹಿಡಿದಿದ್ದಳು. ತೊಟ್ಟಿಲಿನ ಕಡ್ಡಿಗಳು ಇನ್ನೂ ಹತ್ತು ಬಾಕಿ ಇರುವಾಗ ಲೇತಿನ ಸ್ಟಾರ್ಟರ್ ಕೆಟ್ಟಿತು.

ಸ್ಟಾರ್ಟರ್ ಎಂದರೆ ಗೋಡೆಯ ಮೇಲಿನ ಒಂದು ಕಬ್ಬಿಣದ ಡಬ್ಬಿ. ಹಸಿರು ಗುಂಡಿ ಒತ್ತಿದರೆ ಯಂತ್ರ ಶುರು, ಕೆಂಪು ಒತ್ತಿದರೆ ಬಂದ್. ಅದರಲ್ಲಿ ಇನ್ನೊಂದು ಗುಣವಿದೆ: ಕರೆಂಟು ಹೋದ ಕೂಡಲೇ ಒಳಗಿನ ಹಿಡಿತ ತಾನಾಗಿ ಬಿಟ್ಟುಕೊಳ್ಳುತ್ತದೆ. ಕರೆಂಟು ಮರಳಿ ಬಂದರೂ ಯಾರಾದರೂ ಗುಂಡಿ ಒತ್ತುವ ತನಕ ಯಂತ್ರ ತಿರುಗುವುದಿಲ್ಲ. ಆ ಹಿಡಿತಕ್ಕೆ ಆಧಾರವಾಗಿ ಒಳಗೊಂದು ಕಾಯಿಲ್, ಅಂದರೆ ವಾರ್ನಿಷ್ ಹಚ್ಚಿದ ತಾಮ್ರದ ತಂತಿಯ ಸುರುಳಿ, ಇರುತ್ತದೆ. ಸುಟ್ಟಿದ್ದು ಅದೇ.

ಹೊಸ ಕಾಯಿಲ್ ತರಬೇಕಿತ್ತು. ಚಂಡಮಾರುತದ ನಂತರ ಅರ್ಧ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ತೆರೆದಿದ್ದವನ್ನು ಹುಡುಕಿ ಹೋಗುವ ವ್ಯವಧಾನ ನನಗಿರಲಿಲ್ಲ. ನಾನು ಡಬ್ಬಿ ಬಿಚ್ಚಿ, ಒಳಗಿನ ಹಿಡಿತ ಸದಾ ಒತ್ತಿಕೊಂಡೇ ಇರುವಂತೆ ತಂತಿಯಿಂದ ಬಿಗಿದು ಕಟ್ಟಿದೆ. ಮುಚ್ಚಳ ಹಾಕಿದ ಮೇಲೆ ಹೊರಗಿನ ಗುಂಡಿ ಎಂದಿನಂತೆಯೇ ಕಾಣುತ್ತಿತ್ತು.

"ಗುಂಡಿ ಸ್ವಲ್ಪ ಹಿಡ್ಕೊಳ್ತಿದೆ. ಸದ್ಯಕ್ಕೆ ಗೋಡೆ ಸ್ವಿಚ್ಚಲ್ಲೇ ಹಾಕು, ಅದರಲ್ಲೇ ತೆಗಿ," ಎಂದೆ.

ಅವಳು ಸುಮ್ಮನೆ ತಲೆಯಾಡಿಸುವ ಹೆಂಗಸಲ್ಲ. "ಕರೆಂಟ್ ಹೋದ್ರೆ ಬಿಡುತ್ತಲ್ಲ ರೀ?" ಎಂದು ಕೇಳಿದಳು.

"ಬಿಡುತ್ತೆ," ಎಂದೆ.

ಏಕೆ ಹಾಗೆಂದೆ — ಎಷ್ಟು ಸಲ ಕೇಳಿಕೊಂಡಿದ್ದೇನೆ. ಇಲ್ಲ ಎಂದಿದ್ದರೆ ಅವಳು ಆ ಲೇತನ್ನು ಮುಟ್ಟುತ್ತಿರಲಿಲ್ಲ, ನನ್ನನ್ನು ಒಂದು ನೋಟ ನೋಡುತ್ತಿದ್ದಳು. ಸೇಫ್ಟಿ ಇಂಜಿನಿಯರು ತನ್ನ ಮನೆಯಲ್ಲೇ ಹೀಗೆ ತಂತಿ ಕಟ್ಟಿದ್ದಾನಲ್ಲ ಎಂಬ ಆ ನೋಟ... ಅಷ್ಟೇ. ಅದನ್ನು ತಪ್ಪಿಸಿಕೊಳ್ಳಲು ಒಂದು ಮಾತು.

ಅದು ಭಾನುವಾರ ಮಧ್ಯಾಹ್ನ. ನಾನು ನಡುಮನೆಯಲ್ಲಿ ಪೇಪರ್ ಹಿಡಿದು ಮಲಗಿದ್ದೆ. ಶೆಡ್ಡಿನಲ್ಲಿ ಲೇತಿನ ಸದ್ದು. ಕರೆಂಟು ಹೋಯಿತು, ಫ್ಯಾನು ನಿಂತಿತು, ಲೇತೂ ನಿಂತಿತು. ಆಗ ನನಗೆ ತಂತಿಯ ನೆನಪಾಯಿತು. ಇದನ್ನು ನಾನು ಇಲ್ಲಿಯವರೆಗೆ ಯಾರೊಬ್ಬರಿಗೂ ಹೇಳಿರಲಿಲ್ಲ — ನೆನಪಾಗಿತ್ತು. ಎದ್ದು ಹೋಗಿ ಹೇಳಬೇಕು ಎನಿಸಿತ್ತು. ಗೋಡೆ ಸ್ವಿಚ್ ತೆಗೆದಿರುತ್ತಾಳೆ ಬಿಡು ಎಂದುಕೊಂಡೆ. ಪುಟ ತಿರುವಿದೆ. ಹತ್ತು ಹೆಜ್ಜೆ ದೂರ, ಅಷ್ಟೇ.

ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗತೊಡಗಿತು. ಅದನ್ನು ನೋಡುತ್ತಲೇ ಎದ್ದು ಕೂತೆ. ಆಮೇಲೆ ಅವಳ ಕೂಗು.

ನನ್ನ ಮಾತು ನಂಬಿ ಗೋಡೆ ಸ್ವಿಚ್ ತೆಗೆಯದೆ, ಕಡ್ಡಿ ನುಣುಪಾಗಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡುತ್ತಿದ್ದಳಂತೆ. ಬಟ್ಟೆ ಸುತ್ತಿಕೊಂಡು ಕೈಯನ್ನು ಒಳಗೆಳೆದಿತ್ತು. ತೋರುಬೆರಳು, ನಡುಬೆರಳು — ಎರಡೂ ಅರ್ಧಕ್ಕೆ ಹೋದವು.

ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವಳು ಮೊದಲು ಹೇಳಿದ್ದು: "ಅದಾಗಿ ಅದೇ ತಿರುಗ್ತು ರೀ. ನಾನು ಗುಂಡಿ ಒತ್ತಿರಲಿಲ್ಲ."

ಆಗ ಹೇಳಬಹುದಿತ್ತು. ಅವಳು ಕೇಳಿಸಿಕೊಳ್ಳಲು ಸಿದ್ಧಳಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಹಣೆಯ ಮೇಲೆ ಕೈಯಿಟ್ಟು — ಪ್ರೀತಿಯಿಂದಲೇ ಇಟ್ಟೆ, ಅದೇ ಇನ್ನೂ ಅಸಹ್ಯ — "ಕರೆಂಟ್ ಬಂತು ಅಂತ ಅಭ್ಯಾಸದ ಮೇಲೆ ಒತ್ತಿರ್ತೀಯ ವಸು. ಕೈಯಲ್ಲಿ ಬಟ್ಟೆ ಇರೋದು ಮರೆತಿರ್ತೀಯ. ಇಂಥ ಪೆಟ್ಟಾದಾಗ ಹಿಂದಿಂದೆಲ್ಲ ಸರಿಯಾಗಿ ನೆನಪಿರಲ್ಲ," ಎಂದೆ.

"ಇಲ್ಲ ರೀ..." ಎಂದಳು. ಮತ್ತೊಮ್ಮೆ "ಇಲ್ಲ" ಎಂದಳು. ಮೂರನೆಯ ಸಲ ಹೇಳಲಿಲ್ಲ.

ಮರುದಿನ ಕಾಯಿಲ್ ಸಿಕ್ಕಿತು. ಮನಸ್ಸು ಮಾಡಿ ಹುಡುಕಿದರೆ ಒಂದು ಗಂಟೆಯ ಕೆಲಸ. ತಂತಿ ಕತ್ತರಿಸಿ ತೆಗೆದು, ಹೊಸ ಕಾಯಿಲ್ ಕೂರಿಸಿ, ಡಬ್ಬಿಯ ಮೇಲೆ ಮೂಡಿದ್ದ ನನ್ನ ಬೆರಳಿನ ಎಣ್ಣೆ ಗುರುತನ್ನೂ ಒರೆಸಿದೆ. ಅದರ ಮರುದಿನ ಮಾವ ವಿಜಯವಾಡದಿಂದ ಬಂದರು. ಆಸ್ಪತ್ರೆಯಲ್ಲಿ ಮಗಳ ಕೈ ನೋಡಿದರು. ನೇರ ಮನೆಗೆ ಬಂದು ಶೆಡ್ಡಿನೊಳಗೆ ಹೋದರು. ಡಬ್ಬಿ ಬಿಚ್ಚಿದರು, ಮುಚ್ಚಿದರು. ಲೇತು ಶುರು ಮಾಡಿ ಮೇನ್ ಸ್ವಿಚ್ ಎಳೆದರು, ಮತ್ತೆ ಹಾಕಿದರು. ಯಂತ್ರ ತಿರುಗಲಿಲ್ಲ. ಸಂಜೆ ಮಗಳ ಮಂಚದ ಪಕ್ಕ ನಿಂತು ಹೇಳಿದರು: "ಮಿಷನ್ ಸರಿಯಾಗೇ ಇದೆ, ತಲ್ಲೀ. ತಪ್ಪು ನಿಂದೇ."

ವಸು ತನ್ನ ತಂದೆಯ ಮುಖ ನೋಡಿದಳು. "ಹೌದು, ನಾನ್ನಾ," ಎಂದಳು. ಅಂದಿನಿಂದ ಅವಳ ನೆನಪು ಅವಳದ್ದಾಗಿ ಉಳಿಯಲಿಲ್ಲ.

ಆಮೇಲಿನ ವರ್ಷಗಳನ್ನು ಹೇಗೆ ಹೇಳಲಿ... ಅವಳು ಲೇತಿಗೆ ಬೆಡ್‌ಶೀಟು ಹೊದಿಸಿದಳು. ತೊಟ್ಟಿಲನ್ನು ಅಂಗಡಿಯಿಂದ ತರಿಸಿಕೊಟ್ಟೆವು. ಸ್ಕೂಟರ್ ಓಡಿಸುವುದನ್ನು ಬಿಟ್ಟಳು. ಗ್ಯಾಸ್ ಆರಿಸಿದ ಮೇಲೆ ನಾಲ್ಕು ಸಲ ಹೋಗಿ ನೋಡುತ್ತಿದ್ದಳು. ಹೊರಗೆ ಹೊರಟರೆ ಬೀದಿ ತಿರುವಿನಿಂದ ವಾಪಸು ಬಂದು ಬೀಗ ಎಳೆಯುತ್ತಿದ್ದಳು. "ರೀ, ನೀವೇ ನೋಡಿಬಿಡಿ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ," ಎನ್ನುತ್ತಿದ್ದಳು. ನಾನು ನೋಡಿ ಬರುತ್ತಿದ್ದೆ. ಎಷ್ಟು ತಾಳ್ಮೆಯ ಗಂಡ ಎಂದು ನೆರೆಯವರು ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ.

ಇನ್ನೊಂದಿದೆ. ಬರೆಯಲು ಕೈ ಬರುವುದಿಲ್ಲ — ಬರೆಯುತ್ತೇನೆ. ನನ್ನ ತರಗತಿಯಲ್ಲಿ ಆ ಅಪಘಾತವನ್ನು ಉದಾಹರಣೆಯಾಗಿ ಹೇಳತೊಡಗಿದೆ. ಒಬ್ಬ ಅನುಭವಿ ಮಹಿಳೆ, ಮನೆಯ ಶೆಡ್ಡಿನಲ್ಲಿ, ಒಂದು ಕ್ಷಣದ ಮರೆವಿನಿಂದ... ಹೆಸರು ಹೇಳುತ್ತಿರಲಿಲ್ಲ. ಆದರೆ ನಮ್ಮ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಯಾರಿಗೆ ತಿಳಿಯದು? ಮಾರ್ಕೆಟ್ಟಿನಲ್ಲಿ ಅವಳ ಕೈ ನೋಡಿದ ನನ್ನ ತರಗತಿಯ ಹುಡುಗರು ಸರಿದು ದಾರಿ ಬಿಡುತ್ತಿದ್ದರು, ಪಾಪ ಎಂಬಂತೆ.

2017ರಲ್ಲಿ ಮಾವನ ಕಣ್ಣಿನ ಆಪರೇಷನ್ ಆಯಿತು. ರಜೆ ಹಾಕಿ ವಿಜಯವಾಡಕ್ಕೆ ಹೋಗಿದ್ದೆ. ಡಾಕ್ಟರಿಗೆ ತೋರಿಸಿ ಆಟೋದಲ್ಲಿ ವಾಪಸು ಬರುವಾಗ ಬೆಂಜ್ ಸರ್ಕಲ್‌ನಲ್ಲಿ ಸಿಕ್ಕಿಕೊಂಡೆವು. ಸುತ್ತ ಬಸ್ಸು, ಹಾರನ್ನು, ಬಿಸಿಲು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಮಾವ ಮುಂದೆ ನೋಡುತ್ತಲೇ, ಅಳಿಯನನ್ನು ಕರೆಯುವ ತೆಲುಗಿನ ಮರ್ಯಾದೆಯಲ್ಲೇ, ಹೇಳಿದರು: "ಅಲ್ಲುಡುಗಾರು, ಅವತ್ತು ಕಾಯಿಲ್ ಹೊಸದಿತ್ತು. ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ."

"ಮತ್ಯಾಕೆ ವಸೂಗೆ ಹಾಗಂದ್ರಿ ಮಾವ?" ಎಂದೆ. ಎಂಥ ಪ್ರಶ್ನೆ! ಕೇಳುವ ಯೋಗ್ಯತೆ ನನಗಿತ್ತೇ?

"ನೀವು ಅವಳ ಗಂಡ. ನನ್ನ ಬಾಯಿಂದ ಆ ಮಾತು ಬಂದ್ರೆ ಅವಳ ಸಂಸಾರ ಏನಾಗ್ಬೇಕು ಅಂತ ಹೆದರಿದೆ. ನಾಳೆ ನೀವೇ ಹೇಳ್ತೀರಿ, ನಾಡಿದ್ದು ಹೇಳ್ತೀರಿ ಅಂತ ಕಾದೆ." ಕಣ್ಣಿನ ಬಟ್ಟೆಯನ್ನು ಸರಿಮಾಡಿಕೊಂಡರು. "ನನ್ನ ಹತ್ರ ಕೆಲಸ ಕಲಿತವಳು ಅವಳು. ಅವಳು ಮರೆಯೋದಿಲ್ಲ. ಅದು ನನಗೆ ಗೊತ್ತಿತ್ತು, ಆದ್ರೂ ಹಾಗಂದೆ. ಹೇಳ್ಬಿಡಿ ಅಂಡೀ. ಇನ್ನು ಹೇಳ್ಬಿಡಿ."

ಹೇಳುತ್ತೇನೆಂದು ಮಾತು ಕೊಟ್ಟೆ. ಕೊಟ್ಟು, ಹೇಳಲಿಲ್ಲ. ಮರುವರ್ಷ ಮಾವ ತೀರಿಕೊಂಡರು. ತಂದೆಯ ಕಾಲ ಬಳಿ ಕೂತು ವಸು ಒಂದೇ ಮಾತು ಹೇಳಿ ಅಳುತ್ತಿದ್ದಳು — ನಿಮ್ಮ ಕೆಲಸಕ್ಕೆ ಕೆಟ್ಟ ಹೆಸರು ತಂದೆ, ನಾನ್ನಾ, ಕೆಟ್ಟ ಹೆಸರು ತಂದೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದಲೂ ಆಗಲಿಲ್ಲ.

ವೈಕುಂಠ ಸಮಾರಾಧನೆ ಮುಗಿಸಿ ದುವ್ವಾಡಕ್ಕೆ ಬಂದ ಮಾರನೆಯ ಬೆಳಿಗ್ಗೆ, ಅವಳು ಹುರುಳಿಕಾಯಿ ಬಿಡಿಸುತ್ತಿದ್ದಾಗ ಎದುರು ಕೂತು, ಆ ಮಧ್ಯಾಹ್ನ ನನಗೆ ನೆನಪಾದದ್ದೊಂದನ್ನು ಬಿಟ್ಟು, ಎಲ್ಲ ಹೇಳಿದೆ. ತಂತಿ, ಕಾಯಿಲ್, ಆಸ್ಪತ್ರೆಯ ಮಾತು. ಅವಳ ಕೈ ನಿಂತಿತು. ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು:

"ನಾನ್ನಾಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಸತ್ತ ತಂದೆಯಾದರೂ ಅವಳಿಗೆ ಉಳಿಯಲಿ ಎನಿಸಿತು. ಆದರೆ ಒಳ್ಳೆಯದಕ್ಕೆಂದು ನಾನು ಹೇಳಿದ ಸುಳ್ಳುಗಳು ಸಾಕಾಗಿದ್ದವು.

"ಗೊತ್ತಿತ್ತು," ಎಂದೆ.

ಆಗ ಅವಳ ಮುಖ ನೋಡಬೇಕಿತ್ತು. ಬೆರಳು ಹೋದ ದಿನವೂ ಆ ಮುಖ ಹಾಗಿರಲಿಲ್ಲ. "ಇಬ್ಬರೂ ಸೇರಿ..." ಎಂದಳು. ಬಿಡಿಸಿದ ಕಾಯಿಗಳನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಕೈ ಹೋಯ್ತು ಅಂತ ನಾನು ಯಾವತ್ತೂ ಅಷ್ಟು ಅತ್ತಿಲ್ಲ ರೀ. ತಲೆ ಕೆಟ್ಟಿದೆ ಅಂತ ಅಳ್ತಿದ್ದೆ. ಅದಾಗಿ ಅದೇ ತಿರುಗಿದ್ದು ನಾನು ಕಣ್ಣಾರೆ ನೋಡಿದ್ದೆ. ನೋಡಿದ್ದನ್ನೇ ಸುಳ್ಳು ಅಂತ ನನಗೆ ನಾನೇ ಹೇಳ್ಕೊಂಡೆನಲ್ಲ, ನೀವು ಹೇಳಿದ್ರಿ ಅಂತ."

ಕ್ಷಮಿಸು ಎಂದೆ. "ಅದನ್ನ ಈಗ ಕೇಳಬೇಡಿ," ಎಂದಳು. "ಎಲ್ಲೆಲ್ಲಿ ನನ್ನ ತಪ್ಪು ಅಂತ ಹೇಳಿದ್ರೋ ಅಲ್ಲೆಲ್ಲ ಹೋಗಿ ಹೇಳಿ. ಅಮ್ಮಂಗೆ, ಸುಮತಿಗೆ, ನಿಮ್ಮ ಕ್ಲಾಸಲ್ಲಿ. ಬರೆದೂ ಹಾಕಿ."

ಹೇಳಿದೆ. ಅತ್ತೆ ಕೇಳಿ ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಸುಮತಿ ಬಾಗಿಲಲ್ಲಿ ನಿಂತು, "ನಮ್ಮ ಮನೇಲಿ ನಿಮ್ಮನ್ನ ದೇವರ ಹಾಗೆ ನೋಡ್ತಿದ್ವಿ, ಬಾವಗಾರು," ಎಂದಳು. ತರಗತಿಯಲ್ಲಿ ಹೇಳಿದ ದಿನ ಮುಂದಿನ ಸಾಲಿನವರು ತಲೆ ಎತ್ತಲಿಲ್ಲ. ಮೇಲಧಿಕಾರಿಗಳು ಕರೆದು ವಿಚಾರಿಸಿದರು. ಪಾಠ ಮಾಡುವ ಕೆಲಸದಿಂದ ನನ್ನನ್ನು ತೆಗೆದು ದಾಖಲೆಗಳ ಮೇಜಿಗೆ ಹಾಕಿದರು. ಅದು ಸರಿ.

ಈ ವರ್ಷ ಯುಗಾದಿ ಕಳೆದ ಮೇಲೆ ವಸು ಲೇತನ್ನು ಅಮ್ಮನ ಮನೆಗೆ ಸಾಗಿಸಲು ಲಾರಿ ಕರೆಸಿದಳು, ತಾನೂ ಹೊರಟಳು. ಹೊರಡುವ ಮುನ್ನ ಸ್ಟಾರ್ಟರಿನ ಡಬ್ಬಿಯನ್ನು ಗೋಡೆಯಿಂದ ತಾನೇ ಬಿಚ್ಚಿದಳು, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು. ಒಂದು ಸ್ಕ್ರೂ ಕೈಜಾರಿ ಬಿತ್ತು. ಎತ್ತಿಕೊಡಲು ನಾನು ಬಗ್ಗಿದೆ.

"ಬಿಡಿ. ನಾನೇ ನೋಡ್ಕೋತೀನಿ."

ನಾನು ಬಾಗಿಲ ಆಚೆ ನಿಂತೆ.

ಈಗ ಅವಳು ಕೆಲಸ ಶುರು ಮಾಡಿದ್ದಾಳಂತೆ. ಉಳಿಯ ಹಿಡಿಯನ್ನು ಉಳಿದ ಬೆರಳುಗಳಿಗೆ ಹೊಂದುವಂತೆ ಕಡೆದುಕೊಂಡಿದ್ದಾಳಂತೆ. ಸುಮತಿ ಹೇಳಿದ್ದು. ವಸು ನನಗೆ ಕೆಲವೊಮ್ಮೆ ಫೋನ್ ಮಾಡುತ್ತಾಳೆ — ಅತ್ತೆಯ ಔಷಧಿ, ಮನೆಯ ಕಾಗದಪತ್ರ, ಅಷ್ಟೇ ಮಾತು. ಯಾವಾಗ ಬರುತ್ತೀಯ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅವಳು ಏನೋ ಒಂದು ಉತ್ತರ ಕೊಡಬೇಕಾಗುತ್ತದೆ. ನನಗಾಗಿ ಇನ್ನೊಂದು ಭಾರವನ್ನು ಅವಳು ಹೊರುವುದು ಬೇಡ. ಅವಳು ಹೇಳಿದ ಕಡೆಯಲ್ಲೆಲ್ಲ ಹೇಳಿದ್ದಾಯಿತು. ಬರೆದು ಹಾಕುವುದೊಂದು ಬಾಕಿ ಇತ್ತು, ಬರೆದಿದ್ದೇನೆ. ಅವಳು ಗುಂಡಿ ಒತ್ತಿರಲಿಲ್ಲ.