ಬೋರಿನ ನೀರು ಕುಡಿದ ಕಾರು

ನಮ್ಮ ಅತ್ತೆಗೆ ಮಂಗಳವಾರ, ಶುಕ್ರವಾರ ಕಲಬುರಗಿಯಲ್ಲಿ ಡಯಾಲಿಸಿಸ್. ನೆಲೋಗಿಯಿಂದ ಬಸ್ಸೇನೋ ಇವೆ. ಆದರೆ ಮುಗಿಸಿಕೊಂಡು ಬರುವಾಗ ಅವರಿಗೆ ತಲೆ ಎತ್ತಿ ಕೂರಲೂ ಆಗುವುದಿಲ್ಲ. ನನ್ನ ಗಂಡ ಸೊಲ್ಲಾಪುರದಲ್ಲಿ ಕೆಲಸದಲ್ಲಿದ್ದರು. ಹಾಗಾಗಿ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಮಲಗಿಸಿಕೊಂಡು ನಾನೇ ಓಡಿಸುತ್ತಿದ್ದೆ.

ಆ ಮಂಗಳವಾರ ವಾಪಸ್ ಬರುತ್ತ ಜೇವರ್ಗಿ ದಾಟಿದ್ದೆವಷ್ಟೆ, ಎಂಜಿನ್ ಬಿಸಿ ತೋರಿಸುವ ಸೂಜಿ ಕೆಂಪಿಗೆ ಏರಿತು. ಬಾನೆಟ್ ಸಂದಿಯಿಂದ ಹಬೆ. ನಿಲ್ಲಿಸುವುದು, ಆರಲು ಕಾಯುವುದು, ನೀರು ಸುರಿದು ಮತ್ತೆ ಹೊರಡುವುದು. ಹೀಗೆ ಮೂರು ಸಲ. ಅತ್ತೆ ಕಣ್ಣು ಮುಚ್ಚಿಕೊಂಡೇ, "ನನ್ನ ಸಲುವಾಗಿ ನಿನಗ ತ್ರಾಸ ಆಗಾಕತ್ತದ. ಇನ್ನ ಹೋಗೂದ ಬ್ಯಾಡ ಬಿಡವಾ" ಅಂದರು. ನನಗೆ ಸಿಟ್ಟು ಬಂತು. ಶುಕ್ರವಾರ ಈ ಕಾರಿನಲ್ಲೇ ಕರೆದೊಯ್ಯುತ್ತೇನೆ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಮನೆ ಮುಟ್ಟಿ ಜೇವರ್ಗಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಸೋಮವಾರ ತರ್ರಿ, ನೋಡ್ತೇನಿ" ಅಂದ.

ಮಾವ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಮೂವತ್ತು ವರ್ಷ ಲಾರಿ ಓಡಿಸಿದವರು. ಈಗ ಎರಡೂ ಕಣ್ಣು ಹೋಗಿವೆ. "ನಾವ ಬಿಚ್ಚೂಣು ನಡಿ. ಕಣ್ಣ ನಿಂದು, ಕೈ ನಿಂದು. ಹೇಳೂದು ನನಗ ಬಿಡು."

ಬುಧವಾರ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳೇ ನಟ್ಟು ಬಿಚ್ಚುವ ಪಾನಾ ಹಿಡಿದೆ. ತಣ್ಣಗಾಗಿದ್ದ ರೇಡಿಯೇಟರಿನ ಕೆಳಗಿನ ಪೈಪು ಕಳಚಿದಾಗ ಬುಟ್ಟಿಗೆ ಇಳಿದದ್ದು ತುಕ್ಕು ಬಣ್ಣದ ನೀರು, ಅದರಲ್ಲಿ ಬಿಳಿ ಚಕ್ಕೆಗಳು. ಮಾವ ಒಂದು ಚಕ್ಕೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಯಾವ ನೀರ ಹಾಕಿದ್ದಿ?"

"ಬೋರಿಂದ್ರಿ."

"ಹಂಡೇದಾಗ ಕಟ್ತದಲ್ಲ ಸುಣ್ಣ, ಅದೇ ಇಲ್ಲೂ ಕಟ್ಟೇದ."

ಎರಡು ವರ್ಷ, ಕಡಿಮೆಯಾದಾಗಲೆಲ್ಲ ಚೊಂಬಿನಲ್ಲಿ ಸುರಿದವಳು ನಾನೇ. ಮುಖ ಬಿಸಿಯಾಯಿತು.

ಆಮೇಲೆ ಥರ್ಮೋಸ್ಟಾಟ್ ತೆಗೆಸಿದರು. ಎಂಜಿನ್ ಕಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಸಣ್ಣ ವಾಲ್ವ್ ಅದು. "ಒಲಿ ಮ್ಯಾಲ ಕುದಸು" ಅಂದರು. ಹಳೆಯ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ನೀರು ಕೊತಕೊತ ಕುದಿಯಿತು, ಅದು ಮಾತ್ರ ಬಾಯಿ ಬಿಡಲಿಲ್ಲ. ಒಳಗಿನಿಂದ ಅತ್ತೆ, "ಏನ್ ಅಡಗಿ ನಡದದ ಮಾವ ಸೊಸೀದು?" ಅಂತ ಕೇಳಿದಾಗ ಇಬ್ಬರೂ ನಕ್ಕುಬಿಟ್ಟೆವು.

ಗುರುವಾರ ರಜೆ ಹಾಕಿ, ಜೇವರ್ಗಿಯಿಂದ ಹೊಸ ಥರ್ಮೋಸ್ಟಾಟ್, ಕೂಲಂಟ್, ಡಿಸ್ಟಿಲ್ಡ್ ವಾಟರ್ ತಂದೆ. ತಿಳಿನೀರು ಬರುವವರೆಗೆ ರೇಡಿಯೇಟರ್ ತೊಳೆದು, ಎಲ್ಲ ಜೋಡಿಸಿ, ಕೂಲಂಟ್ ಬೆರೆಸಿದ ನೀರು ತುಂಬಿ ಕೀಲಿ ತಿರುಗಿಸಿದೆ. ಹತ್ತು ನಿಮಿಷಕ್ಕೆ ಸೂಜಿ ಮತ್ತೆ ಮೇಲೆ! ಎಂಜಿನ್ ಬಂದ್ ಮಾಡಿ ನೆಲದ ಮೇಲೇ ಕೂತುಬಿಟ್ಟೆ. ಮೊಣಕೈವರೆಗೆ ಮಸಿ, ಕಣ್ಣಲ್ಲಿ ನೀರು.

"ಕೆಳಗಿನ ಪೈಪ ಮುಟ್ಟಿ ನೋಡು" ಅಂದರು ಮಾವ.

"ತಣ್ಣಗದರಿ."

"ಮತ್ತ? ನೀರ ತಿರಗವಲ್ದು, ಒಳಗ ಗಾಳಿ ಸಿಕ್ಕೊಂಡದ. ಪೂರಾ ಆರಲಿ, ಆಮ್ಯಾಲ ಮುಚ್ಚಳ ತಗದು ಚಾಲೂ ಮಾಡು. ಅಳಬ್ಯಾಡ, ಕೆಲಸ ಮುಗದಿಲ್ಲ."

ನಾನು ಅಳುತ್ತಿರುವುದು ಅವರಿಗೆ ಹೇಗೆ ಗೊತ್ತಾಯಿತೋ. ಕಣ್ಣೊರೆಸಿಕೊಂಡು ಎದ್ದೆ. ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ಚಾಲೂ ಮಾಡಿದೆ. ಗುಳುಗುಳು ಗುಳ್ಳೆ ಎದ್ದವು. ಮಟ್ಟ ಇಳಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಕೂಲಂಟ್ ತುಂಬುತ್ತ ಹೋದೆ. ಗುಳ್ಳೆ ನಿಂತವು. ಮುಚ್ಚಳ ಬಿಗಿದು ಊರ ಹೊರಗಿನ ರಸ್ತೆಯಲ್ಲಿ ನಾಲ್ಕು ಸುತ್ತು ಹೊಡೆದೆ. ಸೂಜಿ ನಡುವಿಗೆ ಬಂದು ನಿಂತಿತು.

ಶುಕ್ರವಾರ ಮಾವ ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ಊರೂರಿಗೂ ಒಂದೇ ಪ್ರಶ್ನೆ, "ಸೂಜಿ ಎಲ್ಲದ?" ಊರೂರಿಗೂ ಒಂದೇ ಉತ್ತರ, "ನಡುವೇ ಅದರಿ." ಭೀಮಾ ಸೇತುವೆಯ ಮೇಲೆ ಅವರು ಕೇಳುವುದನ್ನು ಬಿಟ್ಟು, ಕಿಟಕಿ ಇಳಿಸಿ ಎಂಜಿನ್ ಸದ್ದು ಕೇಳುತ್ತ ಕೂತರು. ಹೇಳಿದ ಹೊತ್ತಿಗೆ ಆಸ್ಪತ್ರೆ ಮುಟ್ಟಿದೆವು. ಅತ್ತೆಯನ್ನು ಒಳಗೆ ಬಿಟ್ಟು ಬಂದು, ನೀರು ಸೋರಿದೆಯೇ ಎಂದು ಕಾರಿನ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗೇ ಇತ್ತು.