ಮಾಡಿದ ಮೇಲೆ ಮುಂದಿನ ಪುಟ

ಮಾರ್ಥಕ್ಕ ಬೈಬಲ್ ಓದುವ ವೇಗ ಕಂಡರೆ ಆಮೆಗೂ ಬೇಸರವಾದೀತು. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು, ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವರು. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಓದಿದ್ದರಲ್ಲಿ ಮಾಡಬೇಕಾದ್ದು ಏನಾದರೂ ಇದ್ದರೆ, ಅದನ್ನು ಮಾಡುವ ತನಕ ಪುಟ ತಿರುಗಿಸುತ್ತಿರಲಿಲ್ಲ. ರೋಗಿಗಳನ್ನು ವಿಚಾರಿಸಬೇಕೆಂಬ ಮಾತು ಬಂದ ದಿನ ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿ, ಓಣಿಯ ಕಡೆಯ ಮನೆಯಲ್ಲಿ ಮಲಗಿದ್ದ ರಜಿಯಾಬಿಗೆ ಗಂಜಿ ಕುಡಿಸಿ ಬಂದರು. ಅವರ ಓದು ಕೇಳಲು ವಾರವಾರ ಸೇರುತ್ತಿದ್ದ ನಾವು ನಾಲ್ಕು ಜನ ಕಾಯುತ್ತಾ ಕುಳಿತಿದ್ದೆವು.

"ಬರೇ ಓದಿದ್ರ ಏನ್ ಬಂತ್ರಿ? ಅಡಗಿ ಪುಸ್ತಕ ಓದಿ ಹೊಟ್ಟಿ ತುಂಬತೈತೇನು?" ಎನ್ನುತ್ತಿದ್ದರು.

ನಾನು ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಒಪ್ಪಿಸಿ ಬಹುಮಾನ ಗೆದ್ದವನು. ಐವತ್ತರ ಹತ್ತಿರ ಬಂದಾಗ ಅದ್ಯಾವುದೂ ಒಳಗೆ ಇಳಿದಿಲ್ಲ ಅನ್ನಿಸಿತು. ಶನಿವಾರ ಕಚೇರಿ ಮುಗಿಸಿ, ವಿಜಯಪುರದಿಂದ ತಿಕೋಟಾದ ಬಸ್ಸು ಹತ್ತಿ ಅವರ ಮನೆಗೆ ಹೋಗತೊಡಗಿದೆ. ದಣಿದು ಹೋಗುತ್ತಿದ್ದೆ, ಇನ್ನಷ್ಟು ದಣಿದು ಬರುತ್ತಿದ್ದೆ.

ಒಂದು ಶನಿವಾರ, ದೇವರಿಗೆ ಕಾಣಿಕೆ ಕೊಡುವ ಮುಂಚೆ ಮುನಿಸಿಕೊಂಡ ಅಣ್ಣತಮ್ಮಂದಿರು ಒಂದಾಗಬೇಕೆನ್ನುವ ಭಾಗ ಬಂತು. ಸಾರವಾಡದಲ್ಲಿದ್ದ ನನ್ನ ತಮ್ಮ ಸುಧಾಕರನೊಂದಿಗೆ ನಾನು ಮಾತು ಬಿಟ್ಟು ಆರು ವರ್ಷವಾಗಿತ್ತು. ಹಾಸಿಗೆ ಹಿಡಿದ ಅವ್ವನನ್ನು ಕೊನೆಯ ತನಕ ಒಬ್ಬನೇ ನೋಡಿಕೊಂಡವನು ಅವನು. ನಾನು ಮಣ್ಣು ಮಾಡುವ ಹೊತ್ತಿಗೆ ಮುಖ ತೋರಿಸಿ ಬಂದಿದ್ದೆ. ತಪ್ಪು ನನ್ನದೇ ಎಂದು ಗೊತ್ತಿತ್ತು, ಅದಕ್ಕೇ ಕಾಲು ಏಳುತ್ತಿರಲಿಲ್ಲ.

ಮಾರ್ಥಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವರು ಪುಸ್ತಕ ಮುಚ್ಚಿದರು. ಎಂಟು ವಾರ ಆ ಪುಟ ತಿರುಗಲಿಲ್ಲ. ಉಳಿದವರು ನನ್ನ ಮುಖ ನೋಡುತ್ತಿದ್ದರು. ಒಂಬತ್ತನೇ ವಾರ ಸಾಕಾಗಿ, "ಹೋಗಿ ಬಂದೆ ಅಕ್ಕಾರ, ಎಲ್ಲಾ ಸರಿ ಆತು," ಎಂದು ಸುಳ್ಳು ಹೇಳಿದೆ.

"ಛಲೋ ಆತು ಬಿಡ್ರಿ," ಎಂದು ಮಾರ್ಥಕ್ಕ ಪುಟ ತಿರುಗಿಸಿದರು. ಆಮೇಲೆ ಪ್ರತಿ ವಾರ, "ತಮ್ಮ ಆರಾಮ ಅದಾನಿಲ್ರಿ?" ಎಂದು ಕೇಳುವರು. "ಅದಾನ್ರಿ," ಎನ್ನುವೆ. ನಾಚಿಕೆಯಿಂದ ಅವರ ಮನೆಯ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಹೋದ ತಿಂಗಳು ಮಾರ್ಥಕ್ಕ ತೀರಿಕೊಂಡರು. ಕುಣಿಗೆ ಹಿಡಿ ಮಣ್ಣು ಹಾಕಲು ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದವನು ತಿರುಗಿ ನೋಡಿದ. ಸುಧಾಕರ. ತಲೆ ಪೂರ್ತಿ ನೆರೆತಿತ್ತು.

"ನಿನಗ ಅಕ್ಕಾರು ಹ್ಯಾಂಗ ಗೊತ್ತು?" ಎಂದೆ.

"ಹೋದ ವರ್ಷ ನಮ್ಮೂರಿಗೆ ಬಸ್ಸಿನ್ಯಾಗ ಬಂದಿದ್ರು. ಅಣ್ಣ ಬಂದಿದ್ನೇನಪಾ ಅಂದ್ರು. ಇಲ್ಲ ಅಂದೆ. 'ಭಾಳ ದಣದಾನ ಅಂವ, ಇನ್ನೂ ಹಾದ್ಯಾಗ ಅದಾನ. ಬಂದಾಗ ಬೈಬ್ಯಾಡ' ಅಂತ ಹೇಳಿ ಹೋದ್ರು."

ಹಿಂದಿನವರು ಮುಂದೆ ಸರಿಯಿರಿ ಎನ್ನುತ್ತಿದ್ದರು. ಕೈಯಲ್ಲಿ ಮಣ್ಣು ಹಿಡಿದುಕೊಂಡೇ ಅವನನ್ನು ಕೇಳಿದೆ: "ಅವ್ವ ಕಡೀಕ ನನ್ನ ಕೇಳಿದ್ಳೇನೋ?"