ಕಡಲೆಗೊಂದು ಸೇರು, ಬೇಳೆಗರ್ಧ

ಕಾಗವಾಡದ ಮದುವೆಮನೆಯ ಹಿತ್ತಿಲಲ್ಲಿ ಇನ್ನೂ ಬೆಳಕು ಮೂಡಿಲ್ಲ. ಕಬ್ಬಿನ ಹೊಲದಿಂದ ಎದ್ದು ಬಂದ ಮಂಜು, ಕರೆಯದ ನೆಂಟನಂತೆ ಹಂಡೆಗಳ ಸುತ್ತ ನಿಂತಿದೆ. ನೀರು ಸೋಸಿಟ್ಟಾಗಿದೆ. ಆದರೂ ಸೂರ್ಯ ಕಾಣುವ ತನಕ ಜಿನಮತಿಯವರು ಒಲೆ ಹೊತ್ತಿಸುವುದಿಲ್ಲ. ಜೈನರ ಅಡುಗೆ ಹಗಲಿನದು. ಊಟವೂ ಹೊತ್ತು ಮುಳುಗುವುದರೊಳಗೆ.

ಕಾಯುವ ಈ ಗಳಿಗೆಯಲ್ಲಿ ಅವರ ಲೆಕ್ಕ ನಡೆಯುತ್ತದೆ. ಒಂದು ಪಂಕ್ತಿಯ ಹುಗ್ಗಿಗೆ ಎರಡೂವರೆ ಸೇರು ಗೋಧಿ. ಪಂಕ್ತಿಗೆ ಎರಡು ಇಡೀ ಕಡಲೆ, ಒಂದು ಕಡಲೆಬೇಳೆಯಂತೆ ಮೊರದಲ್ಲಿ ಇಡುತ್ತ ಹೋಗುತ್ತಾರೆ. ಕಡಲೆಯೆಂದರೆ ಸೇರು, ಬೇಳೆಯೆಂದರೆ ಅರ್ಧ. ಹದಿನಾರು ಪಂಕ್ತಿಗೆ ಕಡಲೆ ಮೂವತ್ತೆರಡು. ಹದಿನಾರು ಬೇಳೆಗಳನ್ನು ಜೋಡಿ ಮಾಡಿದರೆ ಎಂಟು. ಒಟ್ಟು ನಲವತ್ತು ಸೇರು.

ಅಷ್ಟರಲ್ಲಿ ವಧುವಿನ ಚಿಕ್ಕಪ್ಪ ದಾದಾಸಾಹೇಬರು ಬರುತ್ತಾರೆ. “ಅಕ್ಕಾ, ಕುಡಚಿಗೆ ರೈಲ ಇಳದು ಇನ್ನೂ ನಾಕ ಪಂಕ್ತಿ ಮಂದಿ ಬರಾಕತ್ತಾರ. ಎಂಟ ಸೇರ ಹೆಚ್ಚಿಗಿ ಹಾಕಿಬಿಡ್ರಿ.”

ಜಿನಮತಿಯವರು ಎಂಟು ಕಡಲೆ ಇಡುತ್ತಾರೆ. ಆಮೇಲೆ ನಾಲ್ಕು ಬೇಳೆಗಳನ್ನು ಅಂಗೈಯಲ್ಲಿ ಹಿಡಿದು ಕೇಳುತ್ತಾರೆ: “ಇವನ್ನ ಯಾರ ಎಲಿಯಿಂದ ತಗೀಲ್ರಿ ಅಣ್ಣಾರ? ನಿಮ್ಮದರಿಂದ?”

“ಹತ್ತ ಹಾಕ್ರಿ ಮಾರಾಯ್ತಿ. ನನ್ನ ಎಲಿ ತಂಟೇಕ ಬರಬ್ಯಾಡ್ರಿ.”

ಐಗಳಿಯ ಈ ವಿಧವೆ ಅಥಣಿ, ರಾಯಬಾಗ, ಚಿಕ್ಕೋಡಿಯ ಮದುವೆಮನೆಗಳಲ್ಲಿ ಅರ್ಧ ಆಯುಷ್ಯವನ್ನು ಹೊಗೆಗೆ ಕೊಟ್ಟಿದ್ದಾರೆ. ನಿಪ್ಪಾಣಿಯ ಕಡೆ ಈಗೀಗ ನಿಂತು ಉಣ್ಣುವ ಮದುವೆಗಳು ಬಂದಿವೆ. ಅಲ್ಲಿ ಪಂಕ್ತಿಯಿಲ್ಲ, ಜಿನಮತಿಯವರಿಗೆ ಕರೆಯೂ ಇಲ್ಲ. ಕಡಲೆ-ಬೇಳೆಯ ಈ ಗುಣಾಕಾರವನ್ನು ಕಲಿಸಿದ್ದು ತಾಯಿ ರಾಜಮತಿ, ಅವರೂ ಅಡುಗೆಯವರೇ. ಒಮ್ಮೆ ಆ ತಾಯಿಯ ಅಡುಗೆಗೆ ಯಾರೋ ಅರ್ಧಗಳನ್ನು ಬಿಟ್ಟು ಗೋಧಿ ಅಳೆದುಕೊಟ್ಟರು. ಹುಗ್ಗಿ ಸಾಲಲಿಲ್ಲ. ಎರಡನೆಯ ಹಂಡೆ ಬೇಯುವಷ್ಟರಲ್ಲಿ ಸೂರ್ಯ ಇಳಿದಿದ್ದ. ಕಡೆಯ ಪಂಕ್ತಿ ಬರಿಯ ಎಲೆಗಳ ಮುಂದಿನಿಂದ ಎದ್ದುಹೋಯಿತು.

“ಅವ್ವ ಅವತ್ತ ನೀರೂ ಮುಟ್ಟಲಿಲ್ರಿ. ಸೌಟ ಹಿಡಕೊಂಡ ಮನಿತನಕ ನಡದಳು. ಹೆಚ್ಚಾದ್ರ ಮರದಿನಕ್ಕ ಇಡಂಗಿಲ್ಲ, ಕಡಿಮ್ಯಾದ್ರ ಹೊತ್ತ ನಿಂದ್ರಂಗಿಲ್ಲ. ಅದಕ್ಕ ನಾ ಬೇಳಿ ಬಿಡಂಗಿಲ್ಲ.”

ಸಂಜೆ. ಇಪ್ಪತ್ತನೆಯ ಪಂಕ್ತಿ ಉಂಡು ಏಳುತ್ತದೆ. ಸೂರ್ಯ ಕಬ್ಬಿನ ಗರಿಗಳ ಮೇಲೆ, ಮರೆತ ಮಾತೊಂದನ್ನು ನೆನೆಯುವವನಂತೆ, ತಡೆದು ನಿಂತಿದ್ದಾನೆ. ಜಿನಮತಿಯವರು ಹಂಡೆಯ ತಳ ಕೆರೆಯುತ್ತಾರೆ. ಒಂದು ಎಲೆಗಾಗುವಷ್ಟು ಹುಗ್ಗಿ ಉಳಿದಿದೆ. ಬಡಿಸಿಕೊಂಡು ಗೋಡೆಗೊರಗಿ ಕೂರುತ್ತಾರೆ.

ಏನಾದರೂ ಆಸೆಯುಂಟೇ ಎಂದು ಯಾರಾದರೂ ಕೇಳಿದರೆ ಎಲೆಯನ್ನು ತುಸು ಪಡುವಣಕ್ಕೆ ಸರಿಸುತ್ತಾರೆ.

“ಕಡೀ ಎಲಿ ಯಾವತ್ತೂ ನಂದ್ರಿ. ಅದರ ಮ್ಯಾಲ ಇಷ್ಟ ಬಿಸಲ ಬಿದ್ದರ ಸಾಕು.”